ಮನೆಗೆ ಯಾವ ಇಂಟರ್‌ನೆಟ್ ಫೋನ್? ಲೆಕ್ಕ ಶುರುವಾಗುವುದು ಗಲ್ಫಿನಿಂದ

2025ರ ಮೇ 5ರಂದು ಸ್ಕೈಪ್ ಮುಚ್ಚಿತು. ನಮ್ಮ ಕರಾವಳಿಯಲ್ಲಿ ಅದು ದೊಡ್ಡ ಸುದ್ದಿಯೇನೂ ಆಗಲಿಲ್ಲ. ಆದರೆ ಗಲ್ಫಿನಲ್ಲಿರುವ ಮಗನ ಮುಖವನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ಕಂಡ ಉಮ್ಮಂದಿರು ನಮ್ಮ ಮೊಹಲ್ಲಾಗಳಲ್ಲಿ ಇನ್ನೂ ಇದ್ದಾರೆ. ಅದಕ್ಕೂ ಮೊದಲು ಕ್ಯಾಸೆಟಿನಲ್ಲಿ ಮಾತು ತುಂಬಿಸಿ, ರಜೆಗೆ ಬರುವವರ ಕೈಯಲ್ಲಿ ಕಳಿಸುವ ಕಾಲವಿತ್ತು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಆದರೂ "ಕರೆ ಹೋಗುತ್ತಿಲ್ಲ", "ಡಾಟಾ ಮುಗಿಯಿತು" ಎಂಬ ದೂರು ನಿಂತಿಲ್ಲ. ಮನೆಗೆ ಅಗ್ಗದ ಇಂಟರ್‌ನೆಟ್ ಫೋನ್ ಆರಿಸುವಾಗ ನಾವು ಇಲ್ಲಿನ ಜಾಹೀರಾತು ನೋಡುತ್ತೇವೆ. ನೋಡಬೇಕಾದದ್ದು ಮೊದಲು ಆ ಕಡೆಯನ್ನು.

ಕಾರಣ ಇಷ್ಟೇ. ಯಾವ ಆ್ಯಪ್‌ನಲ್ಲಿ ಕರೆ ಸಾಗುತ್ತದೆ ಎಂದು ತೀರ್ಮಾನಿಸುವುದು ದುಡಿಯುವವನಿರುವ ದೇಶದ ಕಾನೂನು. ಯುಎಇಯಲ್ಲಿ ವಾಟ್ಸ್ಆ್ಯಪ್ ಸಂದೇಶ ಬರುತ್ತದೆ, ಕರೆ ಬರುವುದಿಲ್ಲ. ಅಲ್ಲಿ ಇಂಟರ್‌ನೆಟ್ ಕರೆಗೆ ಪರವಾನಿಗೆಯ ಕಟ್ಟುಪಾಡಿದೆ. 2018ರಲ್ಲಿ ಎತಿಸಲಾತ್ ಕಂಪೆನಿ ಬೋಟಿಮ್‌ನಂತಹ ಆ್ಯಪ್‌ಗಳಿಗಾಗಿ ತಿಂಗಳಿಗೆ 50 ದಿರ್ಹಂನ ಪ್ಯಾಕ್ ತಂದಿತು. ಲೇಬರ್ ಕ್ಯಾಂಪಿನಲ್ಲಿರುವವನಿಗೆ ಅದು ಸಣ್ಣ ಮೊತ್ತವಲ್ಲ. ಸೌದಿ ಅರೇಬಿಯ 2017ರ ಸೆಪ್ಟೆಂಬರ್‌ನಲ್ಲಿ ಇಂಟರ್‌ನೆಟ್ ಕರೆಯ ನಿಷೇಧ ಸಡಿಲಿಸಿತಾದರೂ ಎಲ್ಲ ಆ್ಯಪ್‌ಗಳೂ ಒಟ್ಟಿಗೆ ತೆರೆದುಕೊಳ್ಳಲಿಲ್ಲ. ಹಾಗಾಗಿ ದುಬೈಯ ಮಗನಿಗೊಂದು ಆ್ಯಪ್, ದಮ್ಮಾಮಿನ ಅಳಿಯನಿಗೆ ಇನ್ನೊಂದು ಎಂದಾಗುವುದು ಸಹಜ. ಎರಡನ್ನೂ ಉಮ್ಮನ ಮೊಬೈಲಿಗೆ ಹಾಕಿಕೊಟ್ಟು, ಕರೆ ಬಂದಾಗ ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟರೆ ಮುಗಿಯಿತು. ಆ ಕಡೆಯ ಪ್ಯಾಕ್ ಈ ಕಡೆಯವರಿಗೆ ಬೇಕಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. "ವಿಪಿಎನ್ ಹಾಕು, ಎಲ್ಲಾ ಫ್ರೀ" ಎಂದು ಊರಿನಿಂದಲೇ ಸಲಹೆ ಕೊಡುವವರಿದ್ದಾರೆ. ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ವಿಪಿಎನ್ ಬಳಸಿದರೆ ಯುಎಇ ಕಾನೂನಿನಲ್ಲಿ ಕನಿಷ್ಠ 5 ಲಕ್ಷ ದಿರ್ಹಂನಿಂದ 20 ಲಕ್ಷ ದಿರ್ಹಂವರೆಗೆ ದಂಡವಿದೆ, ಜೈಲೂ ಇದೆ. ಉಳಿಸಲು ಹೊರಟ 50 ದಿರ್ಹಂ ಎಲ್ಲಿ, ಇದೆಲ್ಲಿ? ನಮ್ಮ ಮಕ್ಕಳನ್ನು ಆ ಅಪಾಯಕ್ಕೆ ನಾವೇ ನೂಕಬಾರದು.

ಇನ್ನು ಮನೆಯ ಲೆಕ್ಕ. 2024ರ ಜುಲೈ ತಿಂಗಳ ದರ ಏರಿಕೆಯ ಬಳಿಕ ದಿನಕ್ಕೆ 1.5 ಜಿಬಿಯ 28 ದಿನಗಳ ಪ್ಯಾಕ್ 299 ರೂ. ಮುಟ್ಟಿತು. 28 ದಿನವೆಂದರೆ ವರ್ಷಕ್ಕೆ 12 ಅಲ್ಲ, 13 ರಿಚಾರ್ಜ್. ನಾಲ್ಕು ಮೊಬೈಲ್ ಇರುವ ಮನೆಗೆ ವರ್ಷಕ್ಕೆ 15,548 ರೂ. ಆಯಿತು. ಡಾಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಅದರಂತೆ 84 ದಿನಗಳ ಪ್ಯಾಕ್ 448 ರೂ.ಗೆ ಬಂತು. ದಿನದ ಲೆಕ್ಕದಲ್ಲಿ ಡಾಟಾ ಪ್ಯಾಕಿನ ಅರ್ಧ ಖರ್ಚು. ಬ್ಯಾಂಕಿನ ಒಟಿಪಿಗೂ ಇದು ಸಾಕು. ಆದರೆ ಇಂತಹ ಪ್ಯಾಕ್‌ಗಳು ಇವೆಯೆಂದು ರಿಚಾರ್ಜ್ ಅಂಗಡಿಯಲ್ಲಿ ತಾವಾಗಿ ಯಾರೂ ಹೇಳುವುದಿಲ್ಲ. ನಾವೇ ಕೇಳಿ ಪಡೆಯಬೇಕು.

ಫೈಬರ್ ಸಂಪರ್ಕ ತಿಂಗಳಿಗೆ 399 ರೂ. ಎಂಬ ಜಾಹೀರಾತಿಗೆ ಶೇ. 18 ಜಿಎಸ್‌ಟಿ ಸೇರಿಸಿದರೆ 471 ರೂ., ವರ್ಷಕ್ಕೆ ಸುಮಾರು 5,650 ರೂ. ನಾಲ್ವರಲ್ಲಿ ಮೂವರು ಹೆಚ್ಚಿನ ಹೊತ್ತು ಮನೆಯಲ್ಲೇ ಇರುವವರಾದರೆ, ಅವರಿಗೆ ಮಾತಿನ ಪ್ಯಾಕ್, ಹೊರಗೆ ದುಡಿಯುವವನಿಗೆ ಡಾಟಾ ಪ್ಯಾಕ್, ಮನೆಗೆ ಫೈಬರ್ ಎಂದು ಕೂಡಿಸಿದಾಗ ವರ್ಷಕ್ಕೆ ಸುಮಾರು 15,400 ರೂ. ಅಂದರೆ ಹೆಚ್ಚುಕಡಿಮೆ ಅಷ್ಟೇ ಹಣ. ಆದರೆ ಮಾತಿನ ನಡುವೆ ಡಾಟಾ ಮುಗಿಯುವ ರಗಳೆ ಇಲ್ಲ, ಮಕ್ಕಳ ಓದಿಗೂ ಆಗುತ್ತದೆ. ಮನೆಯಲ್ಲಿ ಇಬ್ಬರು ಹಿರಿಯರು ಮಾತ್ರ ಇದ್ದರೆ ಫೈಬರ್ ದುಬಾರಿಯೇ. ಒಬ್ಬರಿಗೆ ಡಾಟಾ ಪ್ಯಾಕ್ ಹಾಕಿಸಿ, ಅದರ ಹಾಟ್‌ಸ್ಪಾಟಿನಲ್ಲಿ ಇನ್ನೊಬ್ಬರು ಮಾತಾಡಿದರೆ ಸಾಕು. ದರಗಳು ಬದಲಾಗುತ್ತಿರುತ್ತವೆ, ಲೆಕ್ಕ ಹಾಕುವ ಕ್ರಮ ಮಾತ್ರ ಇದೇ. ವೀಡಿಯೊ ಕರೆಗೆ 30 ಎಂಬಿಪಿಎಸ್ ವೇಗ ಧಾರಾಳ. 100, 200 ಎಂದು ಏರಿಸಿಕೊಂಡು ಹೋಗಬೇಕಿಲ್ಲ.

ಫೈಬರಿನೊಂದಿಗೆ ಸ್ಥಿರ ದೂರವಾಣಿಯೂ ಸಿಗುತ್ತದೆ. ಮನೆಯಲ್ಲಿ ಹಳೆಯ ಫೋನ್ ಇದ್ದರೆ ಮೋಡೆಮಿಗೆ ಸಿಕ್ಕಿಸಿದರಾಯಿತು. ಮೊಬೈಲ್ ಪರದೆ ಕಾಣದ ಹಿರಿಯರಿಗೆ ಇದು ದೊಡ್ಡ ಉಪಕಾರ, ದೇಶದೊಳಗಿನ ಕರೆಗೆ ಸಾಮಾನ್ಯವಾಗಿ ಬೇರೆ ಹಣವೂ ಇಲ್ಲ. ಒಂದು ಕೊರತೆ ಇದೆ: ಹಳೆಯ ತಾಮ್ರದ ತಂತಿಯ ಫೋನಿಗೆ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಇದಕ್ಕೆ ಮನೆಯ ಕರೆಂಟ್ ಬೇಕು. ನಮ್ಮ ಮಳೆಗಾಲ ಗೊತ್ತಲ್ಲ? ಮೋಡೆಮಿಗೊಂದು ಸಣ್ಣ ಯುಪಿಎಸ್ ಇಡಿ. ರಾತ್ರಿ ಯಾರಿಗಾದರೂ ಎದೆನೋವು ಬಂದಾಗ ಫೋನ್ ಸತ್ತಿರಬಾರದು.

ಕೊನೆಯದು, ಎಲ್ಲಕ್ಕಿಂತ ಗಂಭೀರವಾದದ್ದು. ವಿದೇಶದ ಇಂಟರ್‌ನೆಟ್ ಕರೆಗಳನ್ನು ಸ್ಥಳೀಯ ಸಿಮ್‌ಗಳ ಮೂಲಕ ತಿರುಗಿಸುವ ಅಕ್ರಮ ಜಾಲಗಳಿವೆ. ಗಲ್ಫಿನಿಂದ ಬಂದ ಕರೆಯಲ್ಲಿ ಭಾರತದ ಯಾವುದೋ ಅಪರಿಚಿತ ನಂಬರ್ ಕಂಡರೆ ಅನುಮಾನಿಸಬೇಕು. ಇಂತಹ ಜಾಲಗಳಿಗೆ ಬೇಕಾಗುವುದು ಬೇರೆಯವರ ಹೆಸರಿನ ಸಿಮ್. ನೂರಿನ್ನೂರು ರೂಪಾಯಿಗೆ ಆಸೆಪಟ್ಟು ಸಿಮ್ ತೆಗೆಸಿಕೊಟ್ಟ ಹುಡುಗನ ಮನೆಗೆ ಪೊಲೀಸರು ಬಂದರೆ ಆಮೇಲೆ ಸತ್ಯ ಹೇಳಿ ನಂಬಿಸುವುದು ಎಷ್ಟು ಕಷ್ಟವೆಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಗೊತ್ತಿಲ್ಲದ್ದು ಕಂಡರೆ ಅಲ್ಲೇ ದೂರು ಕೊಡಬಹುದು.

ಜುಮಾದ ಬಳಿಕ ಮಸೀದಿ ಅಂಗಳದಲ್ಲಿ ನಾಲ್ಕು ಯುವಕರು ಅರ್ಧ ಗಂಟೆ ಕುಳಿತರೆ ಇಡೀ ಮೊಹಲ್ಲಾದ ಹಿರಿಯರ ಮೊಬೈಲುಗಳನ್ನು ಹೀಗೆ ಪರಿಶೀಲಿಸಿ, ಬೇಕಾದ ಆ್ಯಪ್ ಹಾಕಿಕೊಡಬಹುದು. ಜಮಾಅತ್ ಕಮಿಟಿಗಳು ಮನಸ್ಸು ಮಾಡಬೇಕು. ಇದಕ್ಕೆ ಚಂದಾ ಎತ್ತಬೇಕಾಗಿಲ್ಲ.