ಮಗನ ಫೀಸು, ಮಗಳ ಓದು

ಸಹೋದರಿಯರೇ, ಮಗನನ್ನು ಬೆಂಗಳೂರಿನ ದೊಡ್ಡ ಶಾಲೆಗೆ ಸೇರಿಸಲು ಒಡವೆ ಮಾರುವ ತಾಯಂದಿರು ಗುಬ್ಬಿ, ಕುಣಿಗಲ್‌ಗಳಲ್ಲೂ ಇದ್ದಾರೆ. ಆಸೆ ಸಹಜವೇ. 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿದವರೆಂದರೆ ಜನರಲ್ ತಿಮ್ಮಯ್ಯ, ನಂದನ್ ನಿಲೇಕಣಿ. ನಮ್ಮ ತುಮಕೂರು ಜಿಲ್ಲೆಯಲ್ಲೇ 1925ರಲ್ಲಿ ಹುಟ್ಟಿ, 1974ರ ಪೋಖ್ರಾನ್ ಅಣುಪರೀಕ್ಷೆಯ ಮುಂದಾಳಾದ ರಾಜಾ ರಾಮಣ್ಣ. ಪಿಯಾನೊ ಕೂಡ ಸೊಗಸಾಗಿ ನುಡಿಸುತ್ತಿದ್ದರಂತೆ!

ಆದರೆ ರಾಮಣ್ಣನವರ ಎಳೆಯ ಮನಸ್ಸನ್ನು ಬೆಳೆಸಿದವರಲ್ಲಿ ಪುಸ್ತಕಪ್ರಿಯೆಯಾದ ತಾಯಿಯೂ ತಾಯಿಯ ಸೋದರಿಯೂ ಇದ್ದರು. ಬೇಗನೆ ವಿಧವೆಯಾದ ಆ ಸೋದರಿ ಸರಕಾರಿ ಮಿಡ್ಲ್ ಸ್ಕೂಲಿನ ಮುಖ್ಯೋಪಾಧ್ಯಾಯಿನಿ. ಹೆಣ್ಣಿಗೇಕೆ ಓದು ಎಂದು ಆಕೆಯನ್ನು ಮನೆಯಲ್ಲೇ ಕೂರಿಸಿದ್ದರೆ?

ಮಗನ ಫೀಸಿಗಾಗಿ ಮಗಳನ್ನು ಹತ್ತನೆಯ ತರಗತಿಗೇ ಬಿಡಿಸುವ ಯೋಚನೆ ನಿಮಗಿದ್ದರೆ, ಅರ್ಜಿ ತುಂಬುವ ಮೊದಲು ಅವಳ ಪಿಯುಸಿ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆದು, ಯಜಮಾನರ ಮುಂದಿಡಿ.