ಸೆಟ್ ಹೋಗಿಲ್ಲ ಸ್ವಾಮಿ, ಅರ್ಥ್ ಹೋಗಿದೆ!

ಇವತ್ತು ಸ್ವಲ್ಪ ಜಗಳ ಮಾಡುವ ಮೂಡಿನಲ್ಲಿದ್ದೇನೆ. ಯಾರ ಮೇಲೆ ಅಂದರೆ, ಕಾರಿಗೆ ಸ್ಟೀರಿಯೋ ಕೂರಿಸಿಕೊಡುವ ಅಂಗಡಿಗಳ ಮೇಲೆ. ‘ಫಿಟ್ಟಿಂಗ್ ಫ್ರೀ’ ಅನ್ನುವ ಬೋರ್ಡು ನೋಡಿದ ಕೂಡಲೇ ಒಳಗೆ ನುಗ್ಗುವ ನಮ್ಮ ಮೇಲೂ.

ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಈ ಡೈಲಾಗು ಬಾಯಿಪಾಠ. ಸ್ಟೀರಿಯೋ ಆನ್ ಆಗುತ್ತಿಲ್ಲ ಅಂತ ಹೋಗುತ್ತೀರಿ. ಹುಡುಗ ಬಟನ್ ಎರಡು ಸಲ ಒತ್ತುತ್ತಾನೆ, ಸೆಟ್ಟಿನ ತಲೆಗೊಂದು ಏಟು ಹಾಕುತ್ತಾನೆ. “ಸಾಬ್, ಸೆಟ್ ಗಯಾ. ನಯಾ ಲೇ ಲೋ.” ಮುಗಿಯಿತು ತಪಾಸಣೆ. ನಮ್ಮ ಬ್ಯಾಂಕಿನಲ್ಲಿ ಯಾರಾದರೂ ಲೆಕ್ಕ ತೆರೆದು ನೋಡದೆ ‘ಈ ಸಾಲ ಮುಳುಗಿತು’ ಅಂತ ಷರಾ ಬರೆದರೆ ಮರುದಿನವೇ ಟೇಬಲ್ ಮೇಲೆ ಮೆಮೊ ಬಂದಿರುತ್ತದೆ. ಇಲ್ಲಿ ಮೆಮೊ ಕೊಡುವವರಿಲ್ಲ, ಬಿಲ್ಲು ಕೊಡುವವರು ಮಾತ್ರ.

ನನ್ನ ವಾದ ಇಷ್ಟೇ. ಹೊಸದಾಗಿ ಕೂರಿಸಿದ ಸ್ಟೀರಿಯೋಗೆ ಜೀವ ಬರದಿದ್ದರೆ, ಅಥವಾ ಬಂದು ಬಂದು ಹೋಗುತ್ತಿದ್ದರೆ, ಮೊದಲು ಅನುಮಾನಿಸಬೇಕಾದ್ದು ಸೆಟ್ಟನ್ನಲ್ಲ, ಅದಕ್ಕೆ ಕರೆಂಟು ತರುವ ದಾರಿಯನ್ನು. ಅದನ್ನು ನೋಡಲು ಬೇಕಾದ್ದು ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರು ಮತ್ತು ಹತ್ತು ನಿಮಿಷ. ಬಿಕಾಂ ಓದಿದ ನನಗೇ ಅರ್ಥವಾದದ್ದು ದಿನವಿಡೀ ಅದೇ ಕೆಲಸ ಮಾಡುವವರಿಗೆ ಅರ್ಥವಾಗುವುದಿಲ್ಲ ಅಂದರೆ ನಾನು ನಂಬುವವನಲ್ಲ ಮಾರಾಯ್ರೆ.

ಅಂಗಡಿಯಲ್ಲಿ ಕೊಂಡು ಕೂರಿಸುವ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಮೂರು ವೈರು ಮುಖ್ಯ. ಹಳದಿಯಲ್ಲಿ ಬ್ಯಾಟರಿಯ 12 ವೋಲ್ಟ್ ಸದಾ ಇರಬೇಕು; ಗಡಿಯಾರ, ಸ್ಟೇಷನ್ನುಗಳ ನೆನಪು ಎಲ್ಲ ಅದರ ಮೇಲೆ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟು. ಕಪ್ಪು ಅಂದರೆ ಅರ್ಥ್. ಕೀ ತೆಗೆದಾಗಲೆಲ್ಲ ಸ್ಟೇಷನ್ ಮರೆತುಹೋಗುತ್ತಿದ್ದರೆ ಹಳದಿ-ಕೆಂಪು ಅದಲು ಬದಲಾಗಿದೆ, ಇಲ್ಲವೇ ಹಳದಿಗೆ ಕರೆಂಟೇ ಇಲ್ಲ. ಕೆಲವು ಫೋಕ್ಸ್‌ವ್ಯಾಗನ್ ಕಾರುಗಳ ಕನೆಕ್ಟರಿನಲ್ಲಿ ಈ ಎರಡರ ಜಾಗ ಉಲ್ಟಾ ಇರುತ್ತದೆ. ಎಷ್ಟೋ ಸೆಟ್ಟುಗಳ ಜತೆ ಬರುವ ವೈರಿನಲ್ಲಿ ಇವೆರಡನ್ನು ಕಳಚಿ ಬದಲಿಸಲು ಅನುಕೂಲವನ್ನೂ ಮಾಡಿಟ್ಟಿರುತ್ತಾರೆ. ಅಷ್ಟು ಮಾಡುವ ಬದಲು ನಮ್ಮ ಹುಡುಗ ಎರಡನ್ನೂ ಹೊಸೆದು, ಸದಾ ಕರೆಂಟು ಇರುವ ವೈರಿಗೇ ಕಟ್ಟಿ, ಕಪ್ಪು ಟೇಪ್ ಸುತ್ತುತ್ತಾನೆ. ಹಾಡು ಬಂತು, ನೀವು ಖುಷಿ. ಇನ್ನು ಮೇಲೆ ಕೀ ತೆಗೆದರೂ ಸೆಟ್ಟು ನಿಲ್ಲುವುದಿಲ್ಲ, ನೀವೇ ನೆನಪಿಟ್ಟು ಆಫ್ ಮಾಡಬೇಕು. ಮರೆತು ದೀಪಾವಳಿಗೆ ರೈಲಿನಲ್ಲಿ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೆ ಕಾರು ಸ್ಟಾರ್ಟೇ ಆಗುವುದಿಲ್ಲ. ಆಗ ಬೈಸಿಕೊಳ್ಳುವುದು ಬ್ಯಾಟರಿ ಕಂಪನಿ!

ಆದರೆ ನಿಜವಾದ ಕಳ್ಳ ಕಪ್ಪು ವೈರು. ಅದನ್ನು ಡ್ಯಾಶ್‌ಬೋರ್ಡಿನ ಹಿಂದೆ ಕೈಗೆ ಸಿಕ್ಕ ಸ್ಕ್ರೂಗೆ ಸುತ್ತಿಬಿಡುತ್ತಾರೆ. ಆ ಸ್ಕ್ರೂ ಪ್ಲಾಸ್ಟಿಕ್ಕಿಗೆ ಹೋಗಿದೆಯೋ, ಪೇಂಟ್ ಬಳಿದ ತಗಡಿಗೆ ಹೋಗಿದೆಯೋ ನೋಡುವವರಿಲ್ಲ. ಪೇಂಟ್ ಕರೆಂಟನ್ನು ಬಿಡುವುದಿಲ್ಲ. ಮೇಲಾಗಿ ನಮ್ಮದು ಸಮುದ್ರದ ಗಾಳಿ, ಎರಡು ಮಳೆಗಾಲ ಕಳೆದರೆ ತುಕ್ಕು. ಸೆಟ್ಟು ಗುಂಡಿಯಲ್ಲಿ ಎಗರಿದಾಗ ಆಫ್ ಆಗುತ್ತದೆ, ವಾಲ್ಯೂಮ್ ಏರಿಸಿದರೆ ಆಫ್ ಆಗುತ್ತದೆ.

ಪತ್ತೆ ಮಾಡುವುದು ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿದ ಹಾಗೆ. ಸೆಟ್ಟು ಆನ್ ಇರುವಾಗ ಬ್ಯಾಟರಿಯ ತುದಿಯಲ್ಲಿ 12.6 ವೋಲ್ಟ್ ಇದೆ, ಸೆಟ್ಟಿನ ಹಿಂದೆ 10.4 ಇದೆ ಅನ್ನಿ. ಉಳಿದ 2.2 ಎಲ್ಲಿ ಹೋಯಿತು? ಗಾಳಿಗೆ ಹೋಗಿರಲು ಸಾಧ್ಯವಿಲ್ಲ. ಬರುವ ದಾರಿಯಲ್ಲಿ ಸೋರಿದೆ, ಇಲ್ಲವೇ ಹಿಂತಿರುಗುವ ದಾರಿಯಲ್ಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಸೆಟ್ಟಿನ ಕಪ್ಪು ವೈರಿಗೆ. ಒಂದೆರಡು ದಶಾಂಶದೊಳಗೆ ಬಂದರೆ ಸರಿ. ಅರ್ಧ ವೋಲ್ಟ್ ದಾಟಿತೋ, ಅರ್ಥ್ ಸಿಕ್ಕಿಬಿದ್ದ ಹಾಗೆ.

ಒಂದು ಎಚ್ಚರಿಕೆ. ವೈರನ್ನು ಕಳಚಿ ಬರೀ ಮೀಟರ್ ಇಟ್ಟರೆ ಕೊಳೆತ ವೈರೂ 12 ತೋರಿಸುತ್ತದೆ, ಯಾಕೆಂದರೆ ಮೀಟರು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಪಾಸ್‌ಬುಕ್ಕಿನಲ್ಲಿ ದುಡ್ಡಿದೆ, ಚೆಕ್ ಹಾಕಿದರೆ ಬೌನ್ಸ್! ಹಳದಿಗೂ ಕಪ್ಪಿಗೂ ನಡುವೆ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಕಟ್ಟಿ ನೋಡಿ. ಅದು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಬಲ್ಬ್ ಮಂಕಾದರೆ ವೈರಿನ ಬಂಡವಾಳ ಬಯಲು. ಆದರೆ ಈ ಬಲ್ಬನ್ನು ಸ್ಟೀರಿಯೋ ವೈರು ಬಿಟ್ಟು ಬೇರೆಡೆ ಮುಟ್ಟಿಸಬೇಡಿ. ಏರ್‌ಬ್ಯಾಗಿನ ವೈರುಗಳೂ ಸಾಮಾನ್ಯವಾಗಿ ಹಳದಿ ಹೊದಿಕೆಯಲ್ಲೇ ಇರುತ್ತವೆ.

ನಮ್ಮ ಸೊಸೈಟಿಯ ಹಿರಿಯರೊಬ್ಬರು, ಧಾರವಾಡದ ಕಡೆಯವರು, ಪೆನ್ಷನ್ ಮೇಲೆ ಇರುವವರು. ಅವರಿಗೆ ‘ಸೆಟ್ ಗಯಾ’ ಹೇಳಿ ಎಂಟೂವರೆ ಸಾವಿರದ ಹೊಸ ಸೆಟ್ ಹಾಕಿದರು. ವಾರದಲ್ಲಿ ಅದಕ್ಕೂ ಅದೇ ರೋಗ. ನಾನು ಮೀಟರ್ ಹಿಡಿದು ನೋಡಿದರೆ ಅರ್ಥ್ ದಾರಿಯಲ್ಲಿ ಒಂದೂವರೆ ವೋಲ್ಟ್ ಮಾಯ. ಮರಳು ಕಾಗದದಿಂದ ಪೇಂಟ್ ಕೆರೆದು, ವೈರಿಗೊಂದು ಥಿಂಬಲ್ ಹಾಕಿ ಬಿಗಿಸಿದೆ. ಎರಡು ಮಳೆಗಾಲ ಕಳೆದವು, ಮತ್ತೆ ತೊಂದರೆ ಕೊಟ್ಟಿಲ್ಲ.

ದುಡ್ಡು ಹೋದರೆ ಹೋಗಲಿ ಅನ್ನಬಹುದು. ಫ್ಯೂಸಿನ ವಿಷಯದಲ್ಲಿ ಹಾಗನ್ನುವಂತಿಲ್ಲ. ಫ್ಯೂಸ್ ಇರುವುದು ಮುಖ್ಯವಾಗಿ ವೈರನ್ನು ಕಾಯಲು. ಕೆಂಪು ಫ್ಯೂಸ್ 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಕೆಂಪು ಎರಡು ಸಲ ಸುಟ್ಟರೆ ಎಲ್ಲೋ ವೈರು ಬಾಡಿಗೆ ತಾಗುತ್ತಿದೆ ಅಂತ ಹುಡುಕಬೇಕು. ಇವರು ಹಸಿರು ತುರುಕುತ್ತಾರೆ. ಅದೂ ಇಲ್ಲದಿದ್ದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. “ಅಬ್ ನಹೀ ಉಡೇಗಾ ಸಾಬ್” ಅಂತ ನಗು ಬೇರೆ. ಹೌದಪ್ಪ, ಫ್ಯೂಸ್ ಹಾರುವುದಿಲ್ಲ. ಇನ್ನು ಕಾದು ಕರಗುವುದು ವೈರೇ, ಅದೂ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನ ನಡುವೆ, ನಿಮ್ಮ ಮೊಣಕಾಲಿನಿಂದ ಒಂದಡಿ ದೂರದಲ್ಲಿ. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿರುತ್ತಾರೆ, ನೀವು ಖಂಬಾಟ್ಕಿ ಘಾಟಿಯಲ್ಲಿರುತ್ತೀರಿ. ಇದಕ್ಕೆ ಜುಗಾಡ್ ಅನ್ನುವುದಾದರೆ ಆ ಜುಗಾಡನ್ನು ಅವರ ಕಾರಿನಲ್ಲೇ ಮಾಡಿಕೊಳ್ಳಲಿ.

ಡಬ್ಬಿಯ ಮೇಲಿನ ‘50 ವ್ಯಾಟ್ × 4’ ಕೂಡ ಇದೇ ಜಾತಿಯದು. ನಾಲ್ಕು ಐವತ್ತಲಿ ಇನ್ನೂರು. ಸೆಟ್ಟಿನ ಹಿಂದಿನ ಫ್ಯೂಸ್ 10 ಆಂಪಿಯರ್, ಇಂಜಿನ್ ಓಡುವಾಗ ಹೆಚ್ಚೆಂದರೆ 14.4 ವೋಲ್ಟ್, ಗುಣಿಸಿದರೆ 144. ಜಮೆ 144, ಖರ್ಚು 200! ನಮ್ಮ ಆಡಿಟರು ಬಿಡುತ್ತಾರಾ? ನಿಜಕ್ಕೂ ಬೇಸ್ ಬೇಕಾದರೆ ಬೇರೆ ಆಂಪ್ಲಿಫಯರ್ ಹಾಕಿಸಿ. ಅದಕ್ಕೆ ಬ್ಯಾಟರಿಯಿಂದಲೇ ದಪ್ಪ ವೈರು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಅದರದೇ ಫ್ಯೂಸು ಬೇಕು. ಲೈಟರ್ ಸಾಕೆಟ್ಟಿನ ವೈರಿನಿಂದ ಎಳೆದುಕೊಟ್ಟರೆ ಒಪ್ಪಬೇಡಿ.

‘ಪಾಪ, ಹುಡುಗರು. ಅವರಿಗೆ ಯಾರು ಕಲಿಸಿದ್ದಾರೆ?’ ಅನ್ನುತ್ತೀರಿ. ಒಪ್ಪಿದೆ. ನನ್ನ ಸಿಟ್ಟು ಅವರ ಮೇಲಲ್ಲ, ಗಲ್ಲಾದಲ್ಲಿ ಕೂತು ಒಂದು ಮೀಟರ್ ಕೊಡಿಸದ ಮಾಲೀಕನ ಮೇಲೆ. ಆತ ಹೇಳುವುದೂ ಕೇಳಿದ್ದೇನೆ: ಹುಡುಕುವುದಕ್ಕೆ ಗಿರಾಕಿ ದುಡ್ಡು ಕೊಡುವುದಿಲ್ಲ, ಸೆಟ್ಟಿಗೆ ಕೊಡುತ್ತಾನೆ. ಅರ್ಧ ನಿಜ. ನಾವೂ ಹಾಗೇ ಅಲ್ಲವೇ? ಹತ್ತು ಸಾವಿರದ ಆಂಡ್ರಾಯ್ಡ್ ಸ್ಕ್ರೀನ್ ಚೌಕಾಸಿ ಮಾಡದೆ ಕೊಳ್ಳುತ್ತೇವೆ, ಒಂದು ಗಂಟೆಯ ಕೆಲಸಕ್ಕೆ ಐನೂರು ಕೇಳಿದರೆ ಮುಖ ಗಂಟಿಕ್ಕುತ್ತೇವೆ. ಫ್ರೀ ಫಿಟ್ಟಿಂಗಿನಲ್ಲಿ ಹುಡುಗನಿಗೆ ಇಪ್ಪತ್ತು ನಿಮಿಷದಲ್ಲಿ ನಿಮ್ಮನ್ನು ಸಾಗಹಾಕಲೇಬೇಕು, ಹಿಂದೆ ಇನ್ನೆರಡು ಕಾರು ನಿಂತಿರುತ್ತವೆ. ಹೊಸ ಕಾರುಗಳಲ್ಲಂತೂ ಇದು ಇನ್ನೂ ದುಬಾರಿ. ಕೆಲವದರಲ್ಲಿ ಆ ಕೆಂಪು ವೈರೇ ಇಲ್ಲ. ಕೀ ತಿರುಗಿದ್ದನ್ನು ಸೆಟ್ಟಿಗೆ ತಿಳಿಸುವುದು ಕ್ಯಾನ್ ಬಸ್ ಅನ್ನುವ ಡೇಟಾ ಲೈನು. ಅಲ್ಲಿ ಆ ಕಾರಿಗೆಂದೇ ಬರುವ ಅಡಾಪ್ಟರ್ ಬೇಕು. ಕತ್ತರಿ ಹಿಡಿದು ಸಿಕ್ಕ ವೈರಿಗೆ ಕೈ ಹಾಕಿದರೆ ಕಂಪನಿಯವರು ವಾರಂಟಿ ಕೇಳಲು ಬಂದ ನಿಮ್ಮನ್ನು ಬಾಗಿಲಿನಿಂದಲೇ ಕಳಿಸಬಹುದು.

ಆದ್ದರಿಂದ ಮುಂದಿನ ಸಲ ಹೋದಾಗ ದುಡ್ಡು ಕೊಡುತ್ತೇನೆ ಅಂತ ಮೊದಲೇ ಹೇಳಿ. ಆಮೇಲೆ ಹಕ್ಕಿನಿಂದ ಕೇಳಿ: ಬ್ಯಾಟರಿಯಲ್ಲಿ ಎಷ್ಟು, ಹಳದಿಯಲ್ಲಿ ಎಷ್ಟು, ಕೆಂಪಿನಲ್ಲಿ ಎಷ್ಟು, ಅರ್ಥ್ ಎಲ್ಲಿ ಕೊಟ್ಟೆ ತೋರಿಸು, ಯಾವ ಬಣ್ಣದ ಫ್ಯೂಸ್ ಹಾಕಿದೆ? ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಮೀಟರಿಲ್ಲ ಅಂದರೆ ಕಾರು ತಿರುಗಿಸಿ, ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.

‘ಕೆಟ್ಟುಹೋದ’ ಹಳೆಯ ಸೆಟ್ಟನ್ನು ಮಾತ್ರ ಅಲ್ಲಿ ಬಿಟ್ಟುಬರಬೇಡಿ. ನಮ್ಮ ಸೊಸೈಟಿಯ ಹಿರಿಯರು ಬಿಟ್ಟುಬಂದರು, ಬಿಲ್ಲಿನಲ್ಲಿ ಐನೂರು ಕಡಿಮೆ ಮಾಡಿದರಂತೆ. ಸತ್ತುಹೋದ ಸೆಟ್ಟಿಗೆ ಐನೂರು ರೂಪಾಯಿ ಯಾರು ಕೊಡುತ್ತಾರೆ, ನೀವೇ ಹೇಳಿ?