ಸಾಕ್ಷಿಯೇ ಹೊರತು ತೀರ್ಪಲ್ಲ

ರತ್ನಗಿರಿಯ ಕಕ್ಷಿದಾರರೊಬ್ಬರು ಈಚೆಗೆ ಜಮೀನಿನ ಕಾಗದಗಳೊಡನೆ ತಮ್ಮ ಅಣ್ಣನ ರಕ್ತಪರೀಕ್ಷೆಯ ವರದಿಯನ್ನೂ ನನ್ನ ಮುಂದಿಟ್ಟರು. ಯಕೃತ್ತಿನಲ್ಲಿ ಗಡ್ಡೆಯಿದೆ, ಆದರೆ ಎ.ಎಫ್.ಪಿ. ಸಹಜ ಮಟ್ಟದಲ್ಲಿದೆ. ಹಾಗಾದರೆ ಕ್ಯಾನ್ಸರ್ ಅಲ್ಲವಷ್ಟೆ ಎಂಬುದು ಅವರ ಪ್ರಶ್ನೆ.

ನಾನು ವೈದ್ಯನಲ್ಲ, ಸಾಕ್ಷ್ಯವನ್ನು ತೂಗುವುದು ನನ್ನ ವೃತ್ತಿ. ಎ.ಎಫ್.ಪಿ. ಎಂಬುದು ಭ್ರೂಣದ ಯಕೃತ್ತು ತಯಾರಿಸುವ ಒಂದು ಪ್ರೋಟೀನು. 1963ರಲ್ಲಿ ಮಾಸ್ಕೋದ ಅಬೆಲೆವ್ ಮತ್ತು ಸಂಗಡಿಗರು ಇಲಿಗಳ ಯಕೃತ್ತಿನ ಗಡ್ಡೆಗಳಲ್ಲಿ ಅದು ಮತ್ತೆ ಹುಟ್ಟುವುದನ್ನು ಕಂಡರು. ಯಕೃತ್ತಿನ ಜೀವಕೋಶಗಳ ಕ್ಯಾನ್ಸರಿನಲ್ಲಿ ಎ.ಎಫ್.ಪಿ., ಪಿತ್ತನಾಳದ ಕ್ಯಾನ್ಸರಿನಲ್ಲಿ ಸಿ.ಎ. 19-9, ದೊಡ್ಡ ಕರುಳಿನಿಂದ ಹರಡಿ ಬಂದದ್ದಾದರೆ ಸಿ.ಇ.ಎ. ಸಾಮಾನ್ಯವಾಗಿ ಏರುತ್ತವೆ. ಈ ಮೂರಕ್ಕೂ ಚಿಕಿತ್ಸೆ ಬೇರೆ ಬೇರೆಯಾದುದರಿಂದ ಈ ಭೇದಕ್ಕೆ ಬೆಲೆಯುಂಟು.

ಆದರೆ ಈ ಸಾಕ್ಷಿಗಳು ತಪ್ಪು ಹೇಳುವುದೂ ಉಂಟು. ಯಕೃತ್ತಿನ ಕ್ಯಾನ್ಸರಿದ್ದೂ ಎ.ಎಫ್.ಪಿ. ಏರದ ರೋಗಿಗಳು ಅನೇಕರು. ಪಿತ್ತನಾಳ ಕಲ್ಲಿನಿಂದ ಕಟ್ಟಿಕೊಂಡರೂ ಸಿ.ಎ. 19-9 ಏರಬಹುದು. ಆದುದರಿಂದ ಸ್ಕ್ಯಾನಿನ, ಬೇಕಾದಲ್ಲಿ ಬಯಾಪ್ಸಿಯ ಸಮರ್ಥನೆಯಿಲ್ಲದೆ ರಕ್ತದ ಅಂಕಿಯೊಂದನ್ನೇ ನಂಬಲಾಗದು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನಮ್ಮ ಮಾತಿನಲ್ಲೇ ಕೇಳಿ ತಿಳಿಯಬಹುದೆಂದು ಸೂಚಿಸಿದೆ. ಹಳೆಯ ದಾಖಲೆಗಳು ಕೈಗೆ ಬಂದಿಲ್ಲವೆಂದರು. ವೈದ್ಯರ ನಡತೆಯ 2002ರ ನಿಯಮಾವಳಿಯಂತೆ, ರೋಗಿ ಕೇಳಿದ 72 ಗಂಟೆಗಳೊಳಗೆ ಅವನ್ನು ಕೊಡತಕ್ಕದ್ದು. ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ ಎಂದು ಅರ್ಜಿ ಬರೆದುಕೊಟ್ಟೆ.

ಜಮೀನಿನ ದಾವೆಗೆ ವಾಯಿದೆ ಕೇಳಬಹುದು. ಗಡ್ಡೆ ವಾಯಿದೆ ಕೊಡುವುದಿಲ್ಲ.